ಒಸಿಡಿ ಇರುವವರಿಗಾಗಿ ಬೆಂಬಲ ಗುಂಪು ಕಟ್ಟಿ ನಡೆಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೇರೆ ಎಷ್ಟೋ ಕಾಯಿಲೆಗಳ ಬೆಂಬಲ ಗುಂಪುಗಳಲ್ಲಿ ಒಬ್ಬರು ಅಳುತ್ತ ಕೂತರೆ ಪಕ್ಕದವರು "ಏನೂ ಆಗಲ್ಲ ಬಿಡಿ" ಎಂದು ಬೆನ್ನು ಸವರುತ್ತಾರೆ. ಆ ಮಾತಿನಿಂದ ಒಳ್ಳೆಯದೇ ಆಗುತ್ತದೆ. ಒಸಿಡಿ (ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್ ಎಂಬ ಮಾನಸಿಕ ಕಾಯಿಲೆ) ಇರುವವರ ನಡುವೆ ಮಾತ್ರ ಈ ಮಾತನ್ನು ಹುಷಾರಾಗಿ ಆಡಬೇಕು. ಯಾಕೆಂದರೆ "ಏನೂ ಆಗಲ್ಲ ಅಲ್ವಾ?" ಎಂದು ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಳ್ಳುವುದು ಈ ಕಾಯಿಲೆಯದೇ ಒಂದು ಲಕ್ಷಣ. ಪ್ರೀತಿಯಿಂದ ಕೊಟ್ಟ ಉತ್ತರ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಆಮೇಲೆ ಅದೇ ಪ್ರಶ್ನೆ ಇನ್ನೂ ಜೋರಾಗಿ ಬರುತ್ತದೆ.

ಹಾಗಾಗಿ ಇಂಥ ಗುಂಪು ಕಲಿಯಬೇಕಾದ ಮುಖ್ಯ ಕೆಲಸ ಒಂದೇ. ಮನುಷ್ಯನ ಜೊತೆ ನಿಲ್ಲಬೇಕು, ಕಾಯಿಲೆ ಕೇಳುವ ಪ್ರಶ್ನೆಗೆ ಉತ್ತರ ಕೊಡಬಾರದು. ಹೇಳುವುದು ಸುಲಭ, ಮಾಡುವುದಕ್ಕೆ ಅಭ್ಯಾಸ ಬೇಕು. ಗುಂಪು ಶುರು ಮಾಡಬೇಕು ಅಂದುಕೊಂಡವರಿಗೆ, ಈಗಾಗಲೇ ನಡೆಸುತ್ತಿರುವವರಿಗೆ, ಸೇರಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

## ಮೊದಲು ಕಾಯಿಲೆಯ ನಡೆ ತಿಳಿದಿರಲಿ

ಒಸಿಡಿ ಅಂದರೆ ಕ್ಲೀನಾಗಿರುವ ಸ್ವಭಾವ, ಅಚ್ಚುಕಟ್ಟಿನ ಗೀಳು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬೇಡದ ಒಂದು ಆಲೋಚನೆ, ಒಂದು ಚಿತ್ರ ಅಥವಾ ಅನುಮಾನ ಮನಸ್ಸಿಗೆ ನುಗ್ಗುತ್ತದೆ. ಅದರ ಜೊತೆಗೆ ಭಯ, ಅಸಹ್ಯ, ಇಲ್ಲವೇ ಏನೋ ಸರಿಯಿಲ್ಲ ಎನ್ನುವ ಕಸಿವಿಸಿ. ಅದನ್ನು ತಣಿಸಲು ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ಕೈ ತೊಳೆಯುವುದು, ಬೀಗ ಎಳೆದು ನೋಡುವುದು, ಎಣಿಸುವುದು, ಸಾಮಾನು ಸರಿ ಮಾಡುವುದು. ಹೊರಗೆ ಕಾಣದ ಕೆಲಸಗಳೂ ಇವೆ: ಮನಸ್ಸಿನಲ್ಲೇ ಪ್ರಾರ್ಥನೆ ಹೇಳಿಕೊಳ್ಳುವುದು, ಕೆಟ್ಟ ಪದದ ಮೇಲೆ ಒಳ್ಳೆಯ ಪದ ಹಾಕುವುದು, ನಡೆದದ್ದನ್ನು ತಲೆಯೊಳಗೆ ಮತ್ತೆ ಮತ್ತೆ ಓಡಿಸಿ ನೋಡುವುದು.

ಮಾಡಿದರೆ ನಿರಾಳ. ಆ ನಿರಾಳವೇ ತಪ್ಪು ಪಾಠ ಕಲಿಸುತ್ತದೆ. 'ನೋಡಿದ್ದರಿಂದಲೇ ಅಪಾಯ ತಪ್ಪಿತು' ಎಂದು ಮನಸ್ಸು ನಂಬುತ್ತದೆ. ಕೆರೆದಷ್ಟೂ ತುರಿಕೆ ಜಾಸ್ತಿಯಾಗುವ ಹಾಗೆ, ಮುಂದಿನ ಸಲ ಅನುಮಾನ ಬೇಗ ಬರುತ್ತದೆ, ಎರಡು ಸಲ ನೋಡಿದರೆ ಸಾಕಾಗುತ್ತಿದ್ದದ್ದು ಹತ್ತು ಸಲವಾದರೂ ಸಾಕಾಗುವುದಿಲ್ಲ.

ನೂರು ಜನರಲ್ಲಿ ಒಬ್ಬಿಬ್ಬರಿಗಾದರೂ ಬದುಕಿನ ಯಾವುದೋ ಹಂತದಲ್ಲಿ ಇದು ಬರುತ್ತದೆ. ಹೆಚ್ಚಿನವರಿಗೆ ಬಾಲ್ಯದಲ್ಲಿ, ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ನಾಚಿಕೆಗೆ, ಭಯಕ್ಕೆ ಎಷ್ಟೋ ಮಂದಿ ವರ್ಷಗಟ್ಟಲೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಚಿಕಿತ್ಸೆ ಇದೆ, ಕೆಲಸ ಮಾಡುತ್ತದೆ. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಬಗ್ಗೆ ಒಂದು ವರದಿ ಪ್ರಕಟಿಸಿದರು. ಆ ರೋಗಿಗಳನ್ನು ಅವರು ಭಯಪಡುವ ವಸ್ತುವಿಗೆ, ಸನ್ನಿವೇಶಕ್ಕೆ ಎದುರಾಗುವಂತೆ ಮಾಡಿ, ಆಮೇಲೆ ತೊಳೆಯುವ ಅಥವಾ ಮತ್ತೆ ಮತ್ತೆ ಮಾಡುವ ಕೆಲಸವನ್ನು ತಡೆದಿದ್ದರು. ಇಬ್ಬರೂ ಸುಧಾರಿಸಿದರು. ಅಲ್ಲಿಂದ ಬೆಳೆದು ಬಂದದ್ದೇ ಇಂದಿನ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಅಂದರೆ ಇಆರ್‌ಪಿ ಚಿಕಿತ್ಸೆ. ಭಯ ಹುಟ್ಟಿಸುವುದಕ್ಕೆ ಹಂತ ಹಂತವಾಗಿ ಎದುರಾಗಿ, ಸಮಾಧಾನದ ಕೆಲಸ ಮಾಡದೆ ಕೂರುವುದು ಅದರ ತಿರುಳು. ಇದರ ಜೊತೆಗೆ ಅಥವಾ ಬೇರೆಯಾಗಿ ಫ್ಲುಆಕ್ಸೆಟಿನ್, ಸರ್ಟ್ರಲಿನ್, ಫ್ಲುವಾಕ್ಸಮಿನ್, ಕ್ಲೋಮಿಪ್ರಮಿನ್‌ನಂಥ ಔಷಧಗಳನ್ನು ಮನೋವೈದ್ಯರು ಕೊಡುತ್ತಾರೆ. ಇವು ಹಿಡಿಯಲು 8ರಿಂದ 12 ವಾರ ಬೇಕಾಗಬಹುದು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಬೇಕಾಗುವುದುಂಟು. ಗುಂಪು ನಡೆಸುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಯಾರಿಗೆ ಎಷ್ಟು ಡೋಸ್ ಎನ್ನುವ ಮಾತಿಗೆ ಮಾತ್ರ ಯಾವತ್ತೂ ಇಳಿಯಬಾರದು.

## ಗುಂಪಿನಿಂದ ಆಗುವುದೇನು, ಆಗದಿರುವುದೇನು

ಬೆಂಬಲ ಗುಂಪು ಚಿಕಿತ್ಸೆಯಲ್ಲ. ಇಲ್ಲಿ ರೋಗನಿರ್ಣಯ ಮಾಡುವುದಿಲ್ಲ, ಔಷಧ ಹೇಳುವುದಿಲ್ಲ, ದೊಡ್ಡ ಭಯಗಳನ್ನು ಕೆದಕಿ ಎದುರಿಸುವ ಪ್ರಯೋಗ ಮಾಡುವುದಿಲ್ಲ. ಆದರೆ ಚಿಕಿತ್ಸಕರ ಕೋಣೆಯಲ್ಲಿ ಸಿಗದ ಒಂದು ವಿಷಯ ಇಲ್ಲಿ ಸಿಗುತ್ತದೆ. "ನನಗೂ ಹಾಗೇ ಆಗುತ್ತೆ" ಎಂದು ಅದೇ ನೋವು ತಿಂದವರ ಬಾಯಿಂದ ಕೇಳುವುದು. ಇಷ್ಟು ದಿನ ತಾನೊಬ್ಬನೇ ಹೀಗೆ, ತನ್ನ ಮನಸ್ಸೇ ಕೆಟ್ಟದ್ದು ಎಂದುಕೊಂಡವರಿಗೆ ಆ ಮೂರು ಪದಗಳ ಬೆಲೆ ತುಂಬಾ ದೊಡ್ಡದು.

ಇನ್ನೊಂದು, ಚಿಕಿತ್ಸೆ ಮುಗಿದ ಮೇಲಿನ ಬದುಕು. ಒಸಿಡಿ ಒಮ್ಮೆ ಇಳಿದು ಮತ್ತೆ ಏರುವ ಕಾಯಿಲೆ. ಕೆಲಸದ ಒತ್ತಡ, ಊರು ಬಿಡುವುದು, ಹೆರಿಗೆ, ಸಾವು ಇಂಥ ಸಮಯದಲ್ಲಿ ಹಳೆಯ ಅಭ್ಯಾಸ ವಾಪಸ್ ಬರುತ್ತದೆ. ಆಗ ಹಿಡಿತ ತಪ್ಪದಂತೆ ನೋಡಿಕೊಳ್ಳಲು ಗುಂಪು ಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1981ರಲ್ಲಿ ಶುರುವಾದ 'ಗೋಲ್' ಎಂಬ ಗುಂಪು ಇದೇ ದಾರಿ ಹಿಡಿಯಿತು. ಸುಮ್ನೆ ಕೂತು ಕಷ್ಟ ಹೇಳಿಕೊಳ್ಳುವುದರ ಬದಲು, ಪ್ರತಿಯೊಬ್ಬರೂ ಮುಂದಿನ ಸಭೆಯೊಳಗೆ ಮಾಡುವ ಒಂದು ಗುರಿ ಇಟ್ಟುಕೊಳ್ಳುವುದು ಅದರ ಪದ್ಧತಿ. ಕಷ್ಟ ಹೇಳಿಕೊಳ್ಳುವುದಷ್ಟೇ ನಡೆಯುವ ಗುಂಪು ಕೆಲವು ತಿಂಗಳಲ್ಲೇ ದಣಿಯುತ್ತದೆ. ಹಾಗಾಗಿ ಗುರಿ ಇಡುವ ಪದ್ಧತಿಯನ್ನೇ ನಾನು ಎಲ್ಲರಿಗೂ ಹೇಳುತ್ತೇನೆ.

## ಹಂತ 1: ನಡೆಸಲು ಇಬ್ಬರು ಬೇಕು

ಒಬ್ಬರೇ ಶುರು ಮಾಡಬೇಡಿ. ಒಬ್ಬರಿಗೆ ಹುಷಾರಿಲ್ಲದ ದಿನ ಸಭೆ ನಿಲ್ಲಬಾರದು ಎನ್ನುವುದು ಒಂದು ಕಾರಣ. ಯಾರಾದರೂ ಎದ್ದು ಹೊರಗೆ ಹೋದರೆ ಒಬ್ಬರು ಅವರ ಹಿಂದೆ ಹೋಗಬೇಕು, ಇನ್ನೊಬ್ಬರು ಕೋಣೆಯಲ್ಲಿ ಉಳಿಯಬೇಕು. ಅದು ಇನ್ನೂ ದೊಡ್ಡ ಕಾರಣ.

ಇಬ್ಬರಲ್ಲಿ ಒಬ್ಬರಾದರೂ ಒಸಿಡಿಯನ್ನು ಸ್ವತಃ ಅನುಭವಿಸಿ, ಚಿಕಿತ್ಸೆ ಪಡೆದು, ಈಗ ಒಂದಿಷ್ಟು ನೆಲೆ ನಿಂತವರಾಗಿರಲಿ. ಪೂರ್ತಿ ಗುಣವಾಗಿರಬೇಕಿಲ್ಲ. ತನ್ನದೇ ಕಾಯಿಲೆ ಮೇಲೆದ್ದಾಗ "ಈ ತಿಂಗಳು ನಾನು ನಡೆಸಲ್ಲ, ಸದಸ್ಯನಾಗಿ ಕೂರುತ್ತೇನೆ" ಎನ್ನುವ ತಿಳಿವಳಿಕೆ ಇದ್ದರೆ ಸಾಕು.

ಒಸಿಡಿ ಚಿಕಿತ್ಸೆ ಗೊತ್ತಿರುವ ಒಬ್ಬ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಮೊದಲೇ ಮಾತಾಡಿಸಿ ಇಡಿ. ಅವರು ಸಭೆಗೆ ಬರಬೇಕಿಲ್ಲ. ತೊಡಕು ಬಂದಾಗ ಫೋನ್ ಮಾಡಿ ಕೇಳಲು ಒಬ್ಬರಿರಬೇಕು, ಅಷ್ಟೇ. ಇಆರ್‌ಪಿ ಮಾಡುತ್ತಾರಾ ಎಂದು ನೇರವಾಗಿ ಕೇಳಿ. ಆಪ್ತ ಸಮಾಲೋಚನೆ ಮಾಡುವ ಎಲ್ಲರಿಗೂ ಇದು ಬರುವುದಿಲ್ಲ.

## ಹಂತ 2: ಜಾಗ, ಹೊತ್ತು, ಜನ

ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಎಲ್ಲರಿಗೂ ಮಾತಾಡಲು ಹೊತ್ತು ಸಿಗುವುದಿಲ್ಲ. ಒಂದೂವರೆ ಗಂಟೆಯ ಸಭೆ, ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ. ದಿನ, ಹೊತ್ತು ಬದಲಾಗದಿರಲಿ. ಬಾಗಿಲು ಮುಚ್ಚಬಹುದಾದ, ಮಾತು ಹೊರಗೆ ಕೇಳದ ಕೋಣೆ ಬೇಕು. ಹೊರಗಿನ ಬೋರ್ಡಿನಲ್ಲಿ ಕಾಯಿಲೆಯ ಹೆಸರು ಬೇಡ.

ಕೋಣೆಯನ್ನು ಅತಿಯಾಗಿ ಶುದ್ಧ ಮಾಡಲು ಹೋಗಬೇಡಿ. ಸಾಮಾನ್ಯವಾಗಿ ಇರುವ ಹಾಗೆ ಇರಲಿ. ಒಬ್ಬರು ಕುರ್ಚಿಯ ಕೈ ಮುಟ್ಟದೆ ತುದಿಯಲ್ಲಿ ಕೂರಬಹುದು. ಇನ್ನೊಬ್ಬರು ಹೆಸರು ಬರೆದ ಚೀಟಿ ಸರಿಯಾಗಲಿಲ್ಲ ಎಂದು ಹರಿದು ಮತ್ತೆ ಬರೆಯಬಹುದು. ನೋಡುತ್ತ ಕೂರಬೇಡಿ, ಅವರಿಗಾಗಿ ಕುರ್ಚಿ ಒರೆಸಿಯೂ ಕೊಡಬೇಡಿ. ತಡವಾಗಿ ಬಂದವರನ್ನು ಬೈಯಬೇಡಿ. ಮನೆಯ ಬೀಗ ನೋಡಿ ನೋಡಿ, ಮೆಟ್ಟಿಲಿಳಿದು ಮತ್ತೆ ಹತ್ತಿ, ಅರ್ಧ ಗಂಟೆ ಹೋರಾಡಿ ಬಂದಿರುತ್ತಾರೆ. ಬಂದರಲ್ಲ, ಅದೇ ದೊಡ್ಡದು. ಹಾಗೆಂದು ಸಭೆಯನ್ನು ಮೊದಲಿಂದ ಮತ್ತೆ ಹೇಳುವುದೂ ಬೇಡ. ತಪ್ಪಿಹೋದದ್ದು ತಪ್ಪಿಹೋಯಿತು ಎಂದು ಕೂರುವುದೂ ಒಂದು ಅಭ್ಯಾಸವೇ.

## ಹಂತ 3: ಸೇರಿಸಿಕೊಳ್ಳುವ ಮುಂಚೆ ಹತ್ತು ನಿಮಿಷ ಮಾತಾಡಿ

ಹೊಸಬರನ್ನು ನೇರ ಸಭೆಗೆ ಕರೆಯಬೇಡಿ. ಫೋನಿನಲ್ಲೋ ಎದುರಿಗೋ ಒಮ್ಮೆ ಮಾತಾಡಿ. ವೈದ್ಯರನ್ನು ಕಂಡಿದ್ದಾರಾ, ಈಗ ಚಿಕಿತ್ಸೆಯಲ್ಲಿದ್ದಾರಾ, ಗುಂಪಿನಿಂದ ಏನು ಬಯಸುತ್ತಾರೆ ಕೇಳಿ. ಇನ್ನೂ ವೈದ್ಯರನ್ನೇ ಕಂಡಿಲ್ಲದಿದ್ದರೆ ಬಾಗಿಲು ಹಾಕಬೇಡಿ. ಬರಲಿ, ಜೊತೆಗೆ ವೈದ್ಯರನ್ನು ಕಾಣುವುದನ್ನೇ ಅವರ ಮೊದಲ ಗುರಿ ಮಾಡಿ.

ವಸ್ತು ಕೂಡಿಡುವ ತೊಂದರೆ ಇರುವವರು, ಚರ್ಮ ಕಿತ್ತುಕೊಳ್ಳುವ, ಕೂದಲು ಕೀಳುವ ಅಭ್ಯಾಸ ಇರುವವರೂ ಕೇಳಿಕೊಂಡು ಬರುತ್ತಾರೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಡಿಎಸ್‌ಎಂ-5 ಇವನ್ನೆಲ್ಲ ಒಸಿಡಿಯ ಜೊತೆ ಒಂದೇ ಅಧ್ಯಾಯದಲ್ಲಿ ಇಟ್ಟಿದೆ. ಆದರೂ ಇವು ಬೇರೆ ಬೇರೆ ತೊಂದರೆಗಳು, ಚಿಕಿತ್ಸೆಯೂ ಬೇರೆ. ಅವರಿಗೆ ನಿಮ್ಮ ಗುಂಪು ಸರಿಹೊಂದುತ್ತದೋ ಇಲ್ಲವೋ ಎಂದು ನಿಮ್ಮ ಮನೋವೈದ್ಯರನ್ನು ಕೇಳಿ ನಿರ್ಧರಿಸಿ.

ಹೆಚ್ಚು ಜನ ಕೇಳುವ ಒಂದು ಭಯ ಇದೆ. "ಬೇರೆಯವರ ಒಸಿಡಿ ಕೇಳಿದರೆ ನನಗೂ ಅದು ಹಿಡಿದುಕೊಳ್ಳುತ್ತಾ?" ಹೊಸ ವಿಷಯ ಕೇಳಿ ಒಂದೆರಡು ದಿನ ತಲೆ ಕೊರೆಯಬಹುದು ಎನ್ನುವುದನ್ನು ಮುಚ್ಚಿಡಬೇಡಿ. ಹಾಗಾದರೆ ಮುಂದಿನ ಸಭೆಯಲ್ಲಿ ಹೇಳಿ, ನಾವು ಜೊತೆಗಿರುತ್ತೇವೆ ಎನ್ನಿ. "ಖಂಡಿತ ಆಗಲ್ಲ" ಎಂದು ಮಾತು ಕೊಡಬೇಡಿ. ಗುಂಪಿನ ಮೊದಲ ಪಾಠ ಇಲ್ಲೇ ಶುರುವಾಗುತ್ತದೆ.

## ಹಂತ 4: ಒಪ್ಪಂದ

ಒಂದು ಪುಟ ಮೀರದ ಹಾಗೆ ಬರೆದು, ಪ್ರತಿ ಸಭೆಯ ಶುರುವಿಗೆ ಒಬ್ಬರು ಓದಲಿ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯುತ್ತದೆ. ಆದರೆ ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ನಡೆಸುವವರು ಸಹಾಯ ಕರೆಯುತ್ತಾರೆ. ರೆಕಾರ್ಡಿಂಗ್ ಇಲ್ಲ, ಫೋಟೊ ಇಲ್ಲ. ಮಾತಾಡಲು ಇಷ್ಟವಿಲ್ಲದಿದ್ದರೆ ಸುಮ್ಮನಿರಬಹುದು. ಔಷಧ ಬಿಡಿ, ಹೆಚ್ಚಿಸಿ, ಬದಲಿಸಿ ಎನ್ನುವ ಸಲಹೆ ಯಾರೂ ಕೊಡುವುದಿಲ್ಲ. ಯಾರ ಆಲೋಚನೆಗೂ ನಗುವುದಿಲ್ಲ, ಯಾರ ಒಸಿಡಿ ದೊಡ್ಡದು ಎಂದು ಅಳೆಯುವುದಿಲ್ಲ.

ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. 'ನಾವು ಒಬ್ಬರಿಗೊಬ್ಬರು ಖಚಿತ ಉತ್ತರ ಕೊಡುವುದಿಲ್ಲ. ಇದಕ್ಕೆ ಇಲ್ಲಿರುವ ಎಲ್ಲರೂ ಒಪ್ಪಿದ್ದೇವೆ.' ಮೊದಲೇ ಒಪ್ಪಿದ್ದರೆ, ಆಮೇಲೆ ಉತ್ತರ ಸಿಗದಿದ್ದಾಗ ಅದು ಅವಮಾನ ಅನ್ನಿಸುವುದಿಲ್ಲ. ಒಪ್ಪಿಸದೆ ತಡೆದರೆ ಅದು ಬರೀ ಕಠಿಣತನ ಆಗುತ್ತದೆ.

## ಹಂತ 5: ಒಂದು ಸಭೆ ನಡೆಯುವ ಬಗೆ

ಮೊದಲ ಐದು ನಿಮಿಷ ಒಪ್ಪಂದ ಓದುವುದು. ಆಮೇಲೆ ಒಂದು ಸುತ್ತು: ಹೆಸರು ಅಥವಾ ಇಷ್ಟಪಟ್ಟ ಅಡ್ಡಹೆಸರು, ಕಳೆದ ಸಲದ ಗುರಿ ಏನಾಯಿತು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಇದಕ್ಕೆ ಅರ್ಧ ಗಂಟೆ ಹೋಗುತ್ತದೆ.

ಇನ್ನರ್ಧ ಗಂಟೆ ಒಂದೇ ವಿಷಯದ ಮೇಲೆ ಮಾತು. ವಿಷಯ ಮೊದಲೇ ಗೊತ್ತಿರಲಿ. ಬಾಸಿಗೆ ಹೇಳಬೇಕಾ ಬೇಡವಾ, ಮಕ್ಕಳ ಎದುರು ಹೇಗಿರಬೇಕು, ಔಷಧದ ಅಡ್ಡಪರಿಣಾಮವನ್ನು ವೈದ್ಯರ ಹತ್ತಿರ ಮಾತಾಡುವುದು ಹೇಗೆ, ರಾತ್ರಿ ಹೊತ್ತು ಆಲೋಚನೆ ಹೆಚ್ಚಾದಾಗ ಏನು ಮಾಡುತ್ತೀರಿ, ಇಂಥವು. ಆಲೋಚನೆಯ ಒಳವಿವರಕ್ಕಿಂತ ಅದರ ಜೊತೆ ಬದುಕುವ ಬಗೆ ಮಾತಿಗೆ ಬರಲಿ. ವಿವರಕ್ಕೆ ಇಳಿದಷ್ಟೂ ಅಲ್ಲಿ ವಾದ, ಪ್ರತಿವಾದ, ಸಾಕ್ಷಿ ಹುಡುಕುವುದು ಶುರುವಾಗುತ್ತದೆ. ಅದು ಒಸಿಡಿಯ ಅಖಾಡ, ಅಲ್ಲಿ ಯಾರೂ ಗೆಲ್ಲುವುದಿಲ್ಲ.

ಉಳಿದ ಹೊತ್ತು ಮುಂದಿನ ಗುರಿಗೆ. ಕೊನೆಗೆ ಹತ್ತು ನಿಮಿಷ ಸುಮ್ನೆ ಹರಟೆ ಹೊಡೆಯಲು ಬಿಡಿ. ಭಾರವಾದ ಮಾತಿನಿಂದ ನೇರ ಎದ್ದು ಹೋಗುವುದು ಒಳ್ಳೆಯದಲ್ಲ.

## ಹಂತ 6: ಉತ್ತರ ಕೇಳಿದಾಗ ಏನು ಮಾಡಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಬ್ಬರು ಸಭೆಗೆ ಬಂದು ಕೂತ ಕೂಡಲೇ ಕೇಳುತ್ತಾರೆ. "ಬರುವಾಗ ಗಾಡಿ ಒಂದು ಕಡೆ ಕುಲುಕಿತು. ಗುಂಡಿ ಇರಬೇಕು. ಯಾರಿಗಾದರೂ ಗುದ್ದಿದ್ದರೆ ಗೊತ್ತಾಗ್ತಿತ್ತು ಅಲ್ವಾ?" ಎಲ್ಲರ ಬಾಯಲ್ಲೂ "ಗೊತ್ತಾಗ್ತಿತ್ತು ಬಿಡಿ" ಬರುತ್ತದೆ. ಅವರ ಮುಖ ಸಡಿಲಾಗುತ್ತದೆ. ಎರಡು ನಿಮಿಷ ಕಳೆದ ಮೇಲೆ, "ಆದ್ರೆ ನಾನು ಆಗ ಹಾಡು ಜೋರಾಗಿ ಹಾಕಿದ್ದೆ. ಶಬ್ದ ಕೇಳಿಸದೆ ಇರಬಹುದು ಅಲ್ವಾ?" ಈಗ ಇನ್ನೊಂದು ಉತ್ತರ ಬೇಕು. ಅದಾದ ಮೇಲೆ ಮತ್ತೊಂದು. ಸಭೆ ಮುಗಿಯುವ ಹೊತ್ತಿಗೆ ಎಂಟು ಜನ ಸೇರಿ ಆ ಮನುಷ್ಯನ ಒಸಿಡಿಗೆ ದುಡಿದಿರುತ್ತಾರೆ. ಹಿಂತಿರುಗುವಾಗ ಅವರು ಅದೇ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕುತ್ತಾರೆ.

ಬೇರೆ ಥರ ಹೀಗೆ ಮಾಡಬಹುದು.

"ಈ ಪ್ರಶ್ನೆ ತುಂಬಾ ಹಿಂಸೆ ಕೊಡ್ತಾ ಇದೆ ಅಂತ ಕಾಣ್ತಿದೆ. ನಿಮಗೆ ಈಗ ಮಾಹಿತಿ ಬೇಕಾ, ಖಚಿತತೆ ಬೇಕಾ?"

"ಖಚಿತತೆ. ಇದು ಒಸಿಡಿನೇ ಅಲ್ವಾ ಹಾಗಾದ್ರೆ?"

"ಅದಕ್ಕೂ ನಾವು ಉತ್ತರ ಹೇಳಲ್ಲ. ಒಪ್ಪಂದ ನೆನಪಿದೆ ಅಲ್ವಾ? ಇರಬಹುದು, ಇಲ್ಲದೆಯೂ ಇರಬಹುದು. ಆ ಅನುಮಾನ ಇಟ್ಕೊಂಡು ನೀವು ಕೂರೋದಾದ್ರೆ ನಾವೂ ನಿಮ್ಮ ಜೊತೆ ಕೂರ್ತೀವಿ. ವಾಪಸ್ ಹೋಗಿ ರಸ್ತೆ ನೋಡ್ಬೇಕು ಅನ್ನೋ ಒತ್ತಡ ಈಗ ಹತ್ತಕ್ಕೆ ಎಷ್ಟಿದೆ?"

"ಒಂಬತ್ತು."

"ಸರಿ. ಒಂಬತ್ತು ಇಟ್ಕೊಂಡೇ ಇವರ ಮಾತು ಕೇಳೋಣವಾ?"

ಸಭೆ ಮುಗಿಯುವಾಗ ಒತ್ತಡ ನಾಲ್ಕಕ್ಕೆ ಇಳಿದಿರಬಹುದು. ಒಂಬತ್ತೇ ಉಳಿದಿರಲೂಬಹುದು. ಎರಡೂ ಸರಿ. ಅನುಮಾನ ಹೋಗದಿದ್ದರೂ ಅವರು ಎದ್ದು ಹೋಗಲಿಲ್ಲ, ಬೇರೆಯವರ ಮಾತಿಗೆ ಕಿವಿ ಕೊಟ್ಟರು. ಅದನ್ನೇ ಬಾಯಿಬಿಟ್ಟು ಮೆಚ್ಚಿ.

ಮೇಲಿನ ಮಾತಿನಲ್ಲಿ ಒಂದು ಸೂಕ್ಷ್ಮ ಇದೆ. "ಇದು ಒಸಿಡಿನೇ ಅಲ್ವಾ?" ಎನ್ನುವುದೂ ಖಚಿತತೆ ಕೇಳುವ ಪ್ರಶ್ನೆಯೇ. ಗುಂಪಿನಲ್ಲಿ ಇದು ಬೇಗ ಹಬ್ಬುತ್ತದೆ. ಎಲ್ಲರೂ ಕಾಯಿಲೆಯ ಬಗ್ಗೆ ಓದಿಕೊಂಡಿರುತ್ತಾರೆ, ಹಾಗಾಗಿ ಸಮಾಧಾನವೂ ಅದೇ ಭಾಷೆಯಲ್ಲಿ ಬರುತ್ತದೆ. ಮರೆಯಾಗಿ ಬರುವ ರೂಪಗಳು ಇನ್ನೂ ಇವೆ. ಏನೂ ಕೇಳದೆ ಕಥೆ ಹೇಳಿ, ಎಲ್ಲರ ಮುಖ ಒಂದೊಂದಾಗಿ ನೋಡುವುದು. "ನಿಮಗೂ ಹೀಗೇ ಆಗಿತ್ತಾ, ಆಮೇಲೆ ಏನೂ ಆಗಲಿಲ್ವಾ?" ಎಂದು ಹೋಲಿಸುವುದು. ಸಭೆ ಮುಗಿದ ಮೇಲೆ "ನಾನು ಆಗ ಹೇಳಿದ್ದು ಪೂರ್ತಿ ನಿಜ ಅಲ್ಲ, ಒಂದು ಸಣ್ಣ ತಿದ್ದುಪಡಿ" ಎಂದು ಮೆಸೇಜ್ ಮೇಲೆ ಮೆಸೇಜ್ ಕಳಿಸುವುದು. ಎಲ್ಲವನ್ನೂ ಹೇಳಿಬಿಡಬೇಕು, ಒಂದೂ ಬಿಡಬಾರದು ಎನ್ನುವ ಒತ್ತಡ ಎಷ್ಟೋ ಜನರಿಗೆ ಕೈ ತೊಳೆಯುವ ಒತ್ತಡದಷ್ಟೇ ಬಲವಾಗಿರುತ್ತದೆ.

ಮಾಹಿತಿ ಯಾವುದು, ಸಮಾಧಾನ ಯಾವುದು ಎಂದು ಗುರುತಿಸುವುದಕ್ಕೆ ಒಂದು ಸರಳ ದಾರಿ ಇದೆ. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆ ಮುಗಿಯಿತಾ? ಮುಗಿದರೆ ಅದು ಮಾಹಿತಿ. 'ಇಆರ್‌ಪಿಯಲ್ಲಿ ಏನು ಮಾಡಿಸುತ್ತಾರೆ?' ಎನ್ನುವುದಕ್ಕೆ ಧಾರಾಳವಾಗಿ ಉತ್ತರ ಕೊಡಿ. ಅದೇ ಪ್ರಶ್ನೆ ಬೇರೆ ಬೇರೆ ಬಟ್ಟೆ ತೊಟ್ಟು ಮೂರನೇ ಸಲ ಬಂದರೆ ನಿಲ್ಲಿಸಿ.

ನಿಲ್ಲಿಸುವಾಗ ದನಿ ಮೆತ್ತಗಿರಲಿ. "ಅದು ಒಸಿಡಿ, ನಾವು ಉತ್ತರ ಕೊಡಲ್ಲ" ಎಂದು ಮುಖ ತಿರುಗಿಸಿದರೆ ಆ ಮನುಷ್ಯ ಮತ್ತೆ ಬರುವುದಿಲ್ಲ. ಬಂದರೂ ಬಾಯಿ ಬಿಡುವುದಿಲ್ಲ. ಒಬ್ಬರ ನೋವಿಗೆ ಉತ್ತರ ಕೊಡದೆ ಇರುವುದಕ್ಕೂ ಅವರನ್ನು ಕೈಬಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಆ ವ್ಯತ್ಯಾಸ ಮಾತಿನಲ್ಲಿ, ನೋಟದಲ್ಲಿ ಕಾಣಬೇಕು.

## ಹಂತ 7: ಮುಂದಿನ ಸಭೆಯೊಳಗಿನ ಗುರಿ

ಗುರಿ ಆಯ್ಕೆ ಮಾಡುವವರು ಅವರೇ. ಬೇರೆಯವರು ಹೇರಬಾರದು. ಚಿಕಿತ್ಸೆಯಲ್ಲಿದ್ದರೆ ಚಿಕಿತ್ಸಕರ ಯೋಜನೆಗೆ ಹೊಂದುವ ಗುರಿ ಇರಲಿ. ಚಿಕ್ಕದಾಗಿರಲಿ, ಮಾಡಿದೆನೋ ಇಲ್ಲವೋ ಎಂದು ಹೇಳುವಷ್ಟು ಸ್ಪಷ್ಟವಾಗಿರಲಿ. 'ಇನ್ನು ಮೇಲೆ ಕಡಿಮೆ ಚೆಕ್ ಮಾಡುತ್ತೇನೆ' ಎನ್ನುವುದು ಗುರಿಯಲ್ಲ. 'ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಹೊರಡುತ್ತೇನೆ. ವಾರದಲ್ಲಿ ಮೂರು ದಿನ' ಎನ್ನುವುದು ಗುರಿ. 'ಮೇಲ್ ಬರೆದು ಒಮ್ಮೆ ಮಾತ್ರ ಓದಿ ಕಳಿಸುತ್ತೇನೆ' ಎನ್ನುವುದು ಗುರಿ. ತಲೆಯೊಳಗಿನ ಕೆಲಸಕ್ಕೂ ಇಡಬಹುದು. 'ಆ ಹಳೆಯ ಘಟನೆ ನೆನಪಾದಾಗ ಮೊದಲಿಂದ ಓಡಿಸಿ ನೋಡದೆ, ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತೇನೆ.'

ನಿಜವಾದ ಅಪಾಯ ಇರುವ ಯಾವುದನ್ನೂ ಗುರಿಯಾಗಿ ಇಡಬಾರದು. ಯಾರೂ ಸಾಮಾನ್ಯವಾಗಿ ಮಾಡದ ಕೆಲಸವನ್ನು ಸಾಹಸಕ್ಕಾಗಿ ಮಾಡುವುದೂ ಬೇಡ.

ಮುಂದಿನ ಸಭೆಯಲ್ಲಿ "ಭಯ ಕಡಿಮೆ ಆಯ್ತಾ?" ಎಂದು ಕೇಳಬೇಡಿ, "ಮಾಡಿದ್ರಾ?" ಎಂದು ಕೇಳಿ. ಭಯ ಇಳಿಯುವುದು ನಮ್ಮ ಕೈಯಲ್ಲಿಲ್ಲ. ಮಾಡಲಾಗದಿದ್ದರೆ ತಪ್ಪೊಪ್ಪಿಗೆಯ ಸಭೆ ಮಾಡಬೇಡಿ. ಎಲ್ಲಿ ಕಷ್ಟವಾಯಿತು ಎಂದು ಕೇಳಿ, ಗುರಿಯನ್ನು ಅರ್ಧಕ್ಕೆ ಇಳಿಸಿ. ಇನ್ನೊಂದು ಎಚ್ಚರ: ಕೆಲವರಿಗೆ ಗುರಿಯನ್ನು ಒಂದಿಷ್ಟೂ ತಪ್ಪಿಲ್ಲದಂತೆ ಮಾಡುವುದೇ ಹೊಸ ಗೀಳಾಗುತ್ತದೆ. ಅಂಥವರಿಗೆ ಮೂರು ದಿನದಲ್ಲಿ ಒಂದು ದಿನ ಬೇಕೆಂದೇ ಬಿಡುವ ಗುರಿ ಕೊಟ್ಟುಕೊಳ್ಳಲು ಹೇಳಬಹುದು.

## ಹೇಳಲು ನಾಚುವ ಆಲೋಚನೆಗಳು

ಕೈ ತೊಳೆಯುವುದರ ಬಗ್ಗೆ ಮಾತಾಡುವುದು ಸುಲಭ. ಮಗುವಿಗೆ ಚಾಕು ಹಾಕಿಬಿಡುತ್ತೇನೇನೋ ಎನ್ನುವ ಚಿತ್ರ, ದೇವರ ಮುಂದೆ ಬರುವ ಕೆಟ್ಟ ಬೈಗುಳ, ಬೇಡದ ಲೈಂಗಿಕ ಆಲೋಚನೆ, ಇವನ್ನು ಹೇಳುವುದು ಹಾಗಲ್ಲ. ಹೊಸದಾಗಿ ಹೆತ್ತ ತಾಯಂದಿರಲ್ಲಿ ಒಸಿಡಿ ಶುರುವಾಗುವುದು ಅಥವಾ ಜಾಸ್ತಿಯಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಆದರೆ ಆ ತಾಯಿ 'ಹೇಳಿದರೆ ಮಗುವನ್ನೇ ಕಿತ್ತುಕೊಳ್ಳುತ್ತಾರೆ' ಎಂದು ಒಳಗೇ ಬೇಯುತ್ತಾಳೆ.

1978ರಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವಾ ಪ್ರಕಟಿಸಿದ ಒಂದು ಅಧ್ಯಯನವನ್ನು ಹೊಸ ಸದಸ್ಯರಿಗೆ ಒಮ್ಮೆ ಹೇಳಿ. ಯಾವ ಕಾಯಿಲೆಯೂ ಇಲ್ಲದ ಜನರನ್ನು ಕೇಳಿದಾಗ ಸುಮಾರು ನೂರಕ್ಕೆ 80 ಮಂದಿ ತಮಗೂ ಇಂಥ ಬೇಡದ ಆಲೋಚನೆಗಳು ಬರುತ್ತವೆ ಎಂದಿದ್ದರು. ವಿಷಯವೂ ಹೆಚ್ಚುಕಡಿಮೆ ಅದೇ. ಅವರಿಗೆ ಅದು ಬಂದು ಹೋಗುತ್ತದೆ. ಒಸಿಡಿ ಇರುವವರಲ್ಲಿ ಅದು ಹೆಚ್ಚು ಸಲ ಬರುತ್ತದೆ, ಹೆಚ್ಚು ಹೊತ್ತು ಕಾಡುತ್ತದೆ, ಓಡಿಸುವುದೂ ಕಷ್ಟ. ಇದನ್ನು ಒಮ್ಮೆ ಹೇಳಿದರೆ ಮಾಹಿತಿ. ಪ್ರತಿ ವಾರ ಅದೇ ವ್ಯಕ್ತಿಗೆ ಹೇಳಿದರೆ ಸಮಾಧಾನ.

ಆಲೋಚನೆಯ ವಿವರ ಹೇಳಬೇಕೆಂದು ಯಾರನ್ನೂ ಒತ್ತಾಯಿಸಬೇಡಿ. "ನನಗೆ ಹೇಳಲು ನಾಚಿಕೆಯಾಗುವ ಥರದ್ದು ಬರುತ್ತದೆ" ಎಂದರೆ ಸಾಕು, ಅಲ್ಲಿ ಕೂತವರಿಗೆ ಅರ್ಥವಾಗುತ್ತದೆ. ಯಾರಾದರೂ ಧೈರ್ಯ ಮಾಡಿ ಹೇಳಿದರೆ, ಕೇಳುವವರ ಮುಖದಲ್ಲಿ ಗಾಬರಿ ಕಾಣಬಾರದು. ನಡೆಸುವ ಇಬ್ಬರೂ ಇದಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

## ಸಭೆಗಳ ನಡುವೆ ಮೊಬೈಲ್ ಗುಂಪು

ವಾಟ್ಸ್‌ಆ್ಯಪ್ ಗುಂಪು ಬೇಕೇ ಬೇಕು ಎನ್ನುತ್ತಾರೆ. ಸಭೆಯ ದಿನ, ಹೊತ್ತು, ಗುರಿ ನೆನಪಿಸುವುದಕ್ಕೆ ಮಾತ್ರ ಇಡಿ. ರಾತ್ರಿ ಎರಡು ಗಂಟೆಗೆ "ಇದು ಸರಿನಾ?" ಎಂದು ಯಾರೋ ಕೇಳಿದರೆ, ನಿದ್ದೆ ಬಾರದ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಇಬ್ಬರೂ ಬೆಳಗಿನವರೆಗೆ ಒದ್ದಾಡುತ್ತಾರೆ. ರಾತ್ರಿ ಮೆಸೇಜ್ ಹಾಕದಂತೆ ಸೆಟ್ಟಿಂಗ್ ಇಟ್ಟರೆ ಒಳ್ಳೆಯದು. ಹಳೆಯ ಮೆಸೇಜುಗಳನ್ನು ಸ್ಕ್ರೋಲ್ ಮಾಡಿ ಮಾಡಿ ಉತ್ತರ ಹುಡುಕುವವರೂ ಇರುತ್ತಾರೆ. ಅದಕ್ಕಾಗಿ ಕೆಲವು ದಿನಗಳಲ್ಲಿ ತಾನಾಗೇ ಅಳಿಯುವ ವ್ಯವಸ್ಥೆ ಹಾಕಿ.

## ಮನೆಯವರ ಜೊತೆ

ಒಸಿಡಿ ಇರುವ ಮನೆಯಲ್ಲಿ ಎಲ್ಲರೂ ಅದರ ಕೆಲಸ ಹಂಚಿಕೊಂಡಿರುತ್ತಾರೆ. ಗಂಡ ಬೀಗ ನೋಡಿ ಬಂದು ಹೇಳುತ್ತಾನೆ, ಅಮ್ಮ ಬಟ್ಟೆ ಮತ್ತೆ ಒಗೆಯುತ್ತಾಳೆ, ಮಕ್ಕಳು ಹೊರಗಿನ ಚೀಲ ಒಳಗೆ ತರುವುದಿಲ್ಲ. ಪ್ರೀತಿಯಿಂದ, ಜಗಳ ತಪ್ಪಿಸಲು ಮಾಡುತ್ತಾರೆ. ಆದರೂ ಅದರಿಂದ ಕಾಯಿಲೆ ಬಲವಾಗುತ್ತದೆ.

ಎರಡು ಮೂರು ತಿಂಗಳಿಗೊಮ್ಮೆ ಮನೆಯವರಿಗೆ ಬೇರೆ ಸಭೆ ಇಡಿ. ಒಂದೇ ದಿನ ಎಲ್ಲ ಸಹಾಯ ನಿಲ್ಲಿಸಿ ಎಂದು ಹೇಳಿ ಕಳಿಸಬೇಡಿ. ಮನೆ ರಣರಂಗ ಆಗುತ್ತದೆ. ಒಸಿಡಿ ಇರುವವರ ಒಪ್ಪಿಗೆ ಪಡೆದು, ಒಂದು ಕೆಲಸ ಆರಿಸಿ, ಯಾವ ದಿನದಿಂದ, ಆಗ ಯಾವ ಮಾತು ಹೇಳುವುದು ಎಂದು ಮೊದಲೇ ಮಾತಾಡಿಕೊಂಡು ನಿಲ್ಲಿಸಲಿ. "ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು. ನಾವು ಮಾತಾಡ್ಕೊಂಡ ಹಾಗೆ ಇದಕ್ಕೆ ಉತ್ತರ ಹೇಳಲ್ಲ. ಇಲ್ಲೇ ಇರ್ತೀನಿ" ಎನ್ನುವಷ್ಟು ಸಾಕು.

## ಅಪಾಯ ಕಂಡಾಗ

ಒಸಿಡಿ ಜೊತೆ ಖಿನ್ನತೆ ಬರುವುದು ತುಂಬಾ ಸಾಮಾನ್ಯ. ಸಾಯುವ ಮಾತು ಬಂದರೆ ಅದು ಬೇಡದ ಆಲೋಚನೆಯೋ, ನಿಜವಾದ ಇಚ್ಛೆಯೋ ಎಂದು ಅಳೆಯುವುದು ನಿಮ್ಮ ಕೆಲಸವಲ್ಲ. ಗಂಭೀರವಾಗಿಯೇ ತೆಗೆದುಕೊಳ್ಳಿ. ಪಕ್ಕಕ್ಕೆ ಕರೆದು, "ಆತ್ಮಹತ್ಯೆ ಮಾಡಿಕೊಳ್ಳಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಂಟಿಯಾಗಿ ಬಿಡಬೇಡಿ, ಮನೆಯವರನ್ನೋ ವೈದ್ಯರನ್ನೋ ತುರ್ತು ಸೇವೆಯನ್ನೋ ಆಗಲೇ ಸಂಪರ್ಕಿಸಿ. ನಂಬರುಗಳು ಇಬ್ಬರ ಫೋನಿನಲ್ಲೂ ಮೊದಲೇ ಇರಲಿ. ಇಲ್ಲಿ ಉತ್ತರ ಕೊಡದ ನಿಯಮ ಅನ್ವಯಿಸುವುದಿಲ್ಲ.

ಊಟ, ನೀರು ಬಿಟ್ಟವರು, ಮನೆಯಿಂದ ಹೊರಬರಲಾಗದವರು, ಇದ್ದಕ್ಕಿದ್ದಂತೆ ಔಷಧ ನಿಲ್ಲಿಸಿ ನರಳುತ್ತಿರುವವರು, ಇವರಿಗೂ ಗುಂಪಿಗಿಂತ ಮೊದಲು ವೈದ್ಯರು ಬೇಕು. ಅಂಥವರು ಸ್ವಲ್ಪ ಚೇತರಿಸಿಕೊಂಡ ಮೇಲೆ ವಾಪಸ್ ಬರಲಿ, ಅವರ ಕುರ್ಚಿ ಇರುತ್ತದೆ ಎಂದು ಹೇಳಿ ಕಳಿಸಿ.

## ನಡೆಸುವವರು ಬದಲಾಗುವಾಗ

ಪ್ರತಿ ಸಭೆಯ ನಂತರ ನಡೆಸುವ ಇಬ್ಬರೂ ಹತ್ತು ನಿಮಿಷ ಮಾತಾಡಿಕೊಳ್ಳಿ. ಯಾರಿಗೆ ಉತ್ತರ ಕೊಟ್ಟುಬಿಟ್ಟೆವು, ಯಾರು ಇವತ್ತು ಬಾಯೇ ಬಿಡಲಿಲ್ಲ, ನಮ್ಮ ಮನಸ್ಸಿಗೆ ಏನು ಅಂಟಿಕೊಂಡಿದೆ. ವರ್ಷಕ್ಕೊಮ್ಮೆಯಾದರೂ ಜವಾಬ್ದಾರಿ ಬೇರೆಯವರಿಗೆ ಹೋಗಲಿ. ಹೊಸಬರು ಎರಡು ಮೂರು ತಿಂಗಳು ಪಕ್ಕದಲ್ಲಿ ಕೂತು ಕಲಿಯಲಿ. ಮೊದಲು ಒಪ್ಪಂದ ಓದಲಿ, ಆಮೇಲೆ ಗುರಿಯ ಸುತ್ತು ನಡೆಸಲಿ, ಕೊನೆಗೆ ಪೂರ್ತಿ ಸಭೆ.

ಅವರಿಗೆ ಒಪ್ಪಿಸಬೇಕಾದದ್ದು ಜಾಸ್ತಿ ಇಲ್ಲ. ಒಪ್ಪಂದದ ಪುಟ, ಇಆರ್‌ಪಿ ಗೊತ್ತಿರುವ ಚಿಕಿತ್ಸಕರ ಪಟ್ಟಿ, ತುರ್ತು ನಂಬರುಗಳು, ಕೋಣೆಯ ಕೀಲಿ. ಸದಸ್ಯರ ಫೋನ್ ನಂಬರನ್ನು ಅವರವರನ್ನು ಕೇಳಿಯೇ ಕೊಡಿ. ಯಾರು ಏನು ಹೇಳಿದರು ಎನ್ನುವ ಟಿಪ್ಪಣಿ ಇಟ್ಟಿದ್ದರೆ ಹಸ್ತಾಂತರ ಮಾಡದೆ ಹರಿದುಹಾಕಿ.